ಜೀನ್ ಪರೀಕ್ಷೆಯ ವರದಿ ಯಾರ ಕೈ ಸೇರುತ್ತದೆ?

ಪ್ರಶ್ನೆ: ನನಗೆ 31 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಅಮ್ಮನಿಗೆ 43ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆ ಮುಗಿದು ಈಗ ಚೆನ್ನಾಗಿದ್ದಾರೆ. ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. ಈಚೆಗೆ ಅಮ್ಮನ ತಪಾಸಣೆಗೆ ಹೋದಾಗ ವೈದ್ಯರು ನನಗೂ ಬಿಆರ್‌ಸಿಎ ಜೀನ್ ಪರೀಕ್ಷೆ ಮಾಡಿಸಿಕೊಳ್ಳಲು ಚೀಟಿ ಬರೆದುಕೊಟ್ಟರು. ನನಗೆ ಸ್ವಂತ ಆರೋಗ್ಯ ವಿಮೆ ಇಲ್ಲ, ಕಂಪನಿಯದ್ದು ಮಾತ್ರ ಇದೆ. ‘ಪಾಸಿಟಿವ್ ಬಂದರೆ ಮುಂದೆ ಯಾರೂ ಪಾಲಿಸಿ ಕೊಡುವುದಿಲ್ಲ’ ಎಂದು ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ಚೀಟಿಯನ್ನು ಹಾಗೆಯೇ ಇಟ್ಟಿದ್ದೇನೆ. ಎಚ್‌ಆರ್‌ಗೆ ಗೊತ್ತಾದರೆ ಬಡ್ತಿಗೆ ಕಲ್ಲು ಬೀಳಬಹುದೇ? ಪತಿಗೆ ಮುಂದಿನ ವರ್ಷ ಅಮೆರಿಕಕ್ಕೆ ವರ್ಗವಾಗುವ ಸಂಭವವಿದೆ. ಅಲ್ಲಿ ಕಾನೂನು ಬಿಗಿಯಂತೆ, ಅಲ್ಲಿಗೆ ಹೋಗಿಯೇ ಮಾಡಿಸಲೇ? ಇಲ್ಲೇ ಬೇರೆ ಹೆಸರಿನಲ್ಲಿ ಮಾಡಿಸಬಹುದೇ? ತಂಗಿಗೆ ಗಂಡು ನೋಡುತ್ತಿದ್ದೇವೆ. ಅದರ ಚಿಂತೆಯೂ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಹೆದರಿಕೆಗಳು ಸಿಕ್ಕುಗಟ್ಟಿವೆ. ಕ್ಯಾನ್ಸರ್ ಬಂದೀತೇ ಎಂಬುದು ಒಂದು, ವಿಮೆ ಕೈಬಿಟ್ಟೀತೇ ಎಂಬುದು ಇನ್ನೊಂದು, ಗುಟ್ಟು ಕಚೇರಿಗೋ ಬೀಗರ ಮನೆಗೋ ತಲುಪೀತೇ ಎಂಬುದು ಮೂರನೆಯದು. ಬಿಡಿಬಿಡಿಯಾಗಿ ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಕುಟುಂಬದಲ್ಲಿ ಈ ಪರೀಕ್ಷೆ ಆಗಬೇಕು. ಆದರೆ ನಾಳೆಯೇ ಆಗಬೇಕಿಲ್ಲ, ಮೊದಲು ನಿಮಗೆ ಆಗಬೇಕಿಲ್ಲ.

ಸ್ತನ ಕ್ಯಾನ್ಸರುಗಳಲ್ಲಿ ತಂದೆ ತಾಯಿಯಿಂದ ಬಂದ ಜೀನ್ ದೋಷವೇ ಕಾರಣವಾಗುವುದು ನೂರಕ್ಕೆ ಐದರಿಂದ ಹತ್ತರಲ್ಲಿ ಮಾತ್ರ. ನಿಮ್ಮ ಮನೆಯದು ಆ ಗುಂಪಿಗೆ ಸೇರಿರಬಹುದು ಎಂದು ವೈದ್ಯರಿಗೆ ಅನ್ನಿಸಲು ಕಾರಣವಿದೆ. 45ಕ್ಕಿಂತ ಮೊದಲೇ ಬಂದ ಸ್ತನ ಕ್ಯಾನ್ಸರ್, ಒಡಹುಟ್ಟಿದವರಲ್ಲೇ ಅಂಡಾಶಯದ ಕ್ಯಾನ್ಸರ್, ಇವೆರಡೂ ಒಂದೇ ಮನೆಯಲ್ಲಿ ಕಂಡರೆ ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಜೀನನ್ನು ನೋಡುವುದು ವಾಡಿಕೆ. ಅಮ್ಮನಲ್ಲಿ ದೋಷವಿದ್ದರೆ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಆಗುವ ಅಪಾಯ ಸುಮಾರು ಶೇ 70. ಅಂಡಾಶಯದ ಕ್ಯಾನ್ಸರಿನ ಅಪಾಯ ಬಿಆರ್‌ಸಿಎ1 ಆದರೆ ಶೇ 40ರ ಮೇಲೆ, ಬಿಆರ್‌ಸಿಎ2 ಆದರೆ ಶೇ 20ರ ಒಳಗೆ. ಅಂದರೆ ಪಾಸಿಟಿವ್ ವರದಿ ಒಂದು ಅಪಾಯದ ಲೆಕ್ಕ, ಕಾಯಿಲೆಯಲ್ಲ. ಮುಂದೆ ನಾನು ಹೇಳುವ ಬಹುತೇಕ ವ್ಯಾಜ್ಯಗಳು ಹುಟ್ಟಿದ್ದು ಈ ವ್ಯತ್ಯಾಸವನ್ನು ಮರೆತದ್ದರಿಂದ.

ಮೊದಲು ನಿಮಗೆ ಬೇಡ ಎಂದೆನಲ್ಲ, ಕಾರಣ ಇದು. ಕುಟುಂಬದಲ್ಲಿ ಕಾಯಿಲೆ ಬಂದವರನ್ನು ಮೊದಲು ಪರೀಕ್ಷಿಸಬೇಕು. ಅಮ್ಮನಲ್ಲಿ ದೋಷ ಸಿಕ್ಕಿದರೆ ಅದೊಂದೇ ಜಾಗವನ್ನು ನಿಮ್ಮಲ್ಲಿ ಹುಡುಕಿದರೆ ಸಾಕು, ಉತ್ತರ ಸ್ಪಷ್ಟವಾಗಿ ಇದೆ ಅಥವಾ ಇಲ್ಲ ಎಂದು ಬರುತ್ತದೆ. ಇಲ್ಲ ಎಂದು ಬಂದರೆ ನಿಮ್ಮ ಅಪಾಯ ಸುಮಾರಾಗಿ ಎಲ್ಲ ಹೆಂಗಸರಷ್ಟೇ. ಅಮ್ಮನನ್ನು ಬಿಟ್ಟು ನೇರವಾಗಿ ನಿಮ್ಮನ್ನು ಪರೀಕ್ಷಿಸಿ ‘ನೆಗೆಟಿವ್’ ಬಂದರೆ ಅದು ನೆಮ್ಮದಿಯ ಸುದ್ದಿಯೋ, ಹುಡುಕಿದ ಜೀನೇ ತಪ್ಪೋ, ಹೇಳಲಾಗುವುದಿಲ್ಲ. ಜೊತೆಗೆ ನಮ್ಮವರ ವರದಿಗಳಲ್ಲಿ ‘ಅರ್ಥ ಖಚಿತವಾಗದ ಬದಲಾವಣೆ’ ಎಂಬ ಸಾಲು ಪದೇ ಪದೇ ಕಾಣಿಸುತ್ತದೆ. ಹೋಲಿಸಿ ನೋಡುವ ದತ್ತಾಂಶದಲ್ಲಿ ಯುರೋಪಿನ ಮೂಲದವರದ್ದೇ ಸಿಂಹಪಾಲು ಇರುವುದರಿಂದ ನಮ್ಮ ಎಷ್ಟೋ ಸಹಜ ಬದಲಾವಣೆಗಳು ಅಲ್ಲಿ ಅಪರಿಚಿತವಾಗಿ ಉಳಿಯುತ್ತವೆ. ಆ ಸಾಲಿನ ಆಧಾರದ ಮೇಲೆ ಯಾವ ಚಿಕಿತ್ಸೆಯನ್ನೂ ತೀರ್ಮಾನಿಸಬಾರದು. ಜೀನ್ ವಿಜ್ಞಾನ ಗೊತ್ತಿಲ್ಲದ ವಿಮಾ ಕಂಪನಿಯ ಗುಮಾಸ್ತರ ಕಣ್ಣಿಗೆ ಅದೇ ಸಾಲು ದೋಷದಂತೆ ಕಾಣಬಹುದು. ಅಮ್ಮನಿಂದ ಶುರುಮಾಡಿದರೆ ಈ ಗೋಜಲು ಬಹಳಷ್ಟು ತಪ್ಪುತ್ತದೆ. ಅಮ್ಮನಿಗೂ ಇದರಿಂದ ಉಪಯೋಗವಿದೆ, ಇನ್ನೊಂದು ಸ್ತನದ, ಅಂಡಾಶಯದ ಬಗ್ಗೆ ಎಷ್ಟು ಎಚ್ಚರ ಬೇಕೆಂದು ಗೊತ್ತಾಗುತ್ತದೆ.

ಈಗ ವಿಮೆ. ಪ್ರಯೋಗಾಲಯದಿಂದ ವರದಿ ತಾನಾಗಿ ವಿಮಾ ಕಂಪನಿಗಳಿಗೆ ಹೋಗುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅಂಥ ವ್ಯವಸ್ಥೆ ನಮ್ಮಲ್ಲಿಲ್ಲ. ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯಾದ ಆಭಾ ಇದ್ದರೂ ದಾಖಲೆ ಹಂಚಿಕೆ ನಿಮ್ಮ ಒಪ್ಪಿಗೆಯ ಮೇಲೆಯೇ ನಡೆಯಬೇಕು.

‘ಪಾಸಿಟಿವ್ ಬಂದರೆ ಯಾರೂ ಪಾಲಿಸಿ ಕೊಡುವುದಿಲ್ಲ’ ಎಂಬ ಮಾತಿನಲ್ಲಿ ಹಳೆಯ ಸತ್ಯದ ಅಂಶವಿದೆ. ಆರೋಗ್ಯ ಪಾಲಿಸಿಗಳಲ್ಲಿ ‘ವಂಶವಾಹಿ ಕಾಯಿಲೆಗಳಿಗೆ ಪರಿಹಾರವಿಲ್ಲ’ ಎಂಬ ಷರತ್ತು ಸೇರಿಸುವ ರೂಢಿ ಇತ್ತು. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆಯಿದ್ದ ದೆಹಲಿಯ ಪಾಲಿಸಿದಾರರೊಬ್ಬರಿಗೆ ಸರ್ಕಾರಿ ವಿಮಾ ಕಂಪನಿ ಮೊದಲು ಕ್ಲೇಮ್ ಕೊಟ್ಟು, ನಂತರ ಇದೇ ಷರತ್ತು ತೋರಿಸಿ ನಿರಾಕರಿಸಿತು. ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ 2018ರ ಫೆಬ್ರುವರಿಯಲ್ಲಿ ಈ ಷರತ್ತು ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿಗೆ ವಿರುದ್ಧವೆಂದು ತೀರ್ಪಿತ್ತರು. ‘ವಂಶವಾಹಿ’ ಎಂಬ ಪದವನ್ನು ಹೀಗೆ ಸಡಿಲವಾಗಿ ಬಿಟ್ಟರೆ ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಎಲ್ಲವೂ ಅದರೊಳಗೆ ಬರುತ್ತವೆ ಎಂಬುದು ತೀರ್ಪಿನ ತಿರುಳು. ಸಕ್ಕರೆ ಕಾಯಿಲೆಯ ಕುಟುಂಬ ಚರಿತ್ರೆ ಇಲ್ಲದ ಮನೆಯೇ ನಮ್ಮಲ್ಲಿ ಅಪರೂಪವಾಗಿರುವಾಗ ಈ ಮಾತಿನ ಬೆಲೆ ತಿಳಿಯುತ್ತದೆ. ಆ ಪ್ರಕರಣದಾಚೆಗೆ ಅನ್ವಯವಾಗುವ ಭಾಗಕ್ಕೆ ಸುಪ್ರೀಂ ಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ತಡೆ ನೀಡಿತು. ಆದರೆ 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ, ಆರೋಗ್ಯ ಪಾಲಿಸಿಗಳು ಯಾವ ಷರತ್ತುಗಳನ್ನು ಸೇರಿಸಲೇಬಾರದು ಎಂದು ಪಟ್ಟಿಮಾಡಿದಾಗ ವಂಶವಾಹಿ ಕಾಯಿಲೆಗಳನ್ನು ಅದರಲ್ಲಿ ಸ್ಪಷ್ಟವಾಗಿ ಹೆಸರಿಸಿತು. ಆದ್ದರಿಂದ ನೀವು ಪಾಲಿಸಿ ಪಡೆದ ಮೇಲೆ, ಕ್ಯಾನ್ಸರ್ ಬಂದಾಗ, ‘ಇದು ನಿಮ್ಮ ಜೀನಿನಿಂದ ಬಂದದ್ದು, ಹಣ ಕೊಡುವುದಿಲ್ಲ’ ಎನ್ನುವ ಹಾಗಿಲ್ಲ.

ತೊಡಕು ಇರುವುದು ಪಾಲಿಸಿಯ ಬಾಗಿಲಿನಲ್ಲಿ. ಕ್ಲೇಮ್ ನಿರಾಕರಿಸುವುದಕ್ಕೆ ತಡೆಯಿದೆ. ಆದರೆ ಅರ್ಜಿ ಬಂದಾಗ ಜೀನ್ ವರದಿಯನ್ನು ನೋಡಿ ಪ್ರೀಮಿಯಂ ಏರಿಸಬಾರದು, ಪಾಲಿಸಿ ನಿರಾಕರಿಸಬಾರದು ಎಂದು ಕಟ್ಟಿಹಾಕುವ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಜೀವ ವಿಮೆಗೂ ಗಂಭೀರ ಕಾಯಿಲೆಗಳ ಪಾಲಿಸಿಗೂ ಇಷ್ಟೂ ರಕ್ಷಣೆಯಿಲ್ಲ.

ಪ್ರಪೋಸಲ್ ಫಾರಂ ಒಂದನ್ನು ತರಿಸಿ ಓದಿ ನೋಡಿ. ಏಜೆಂಟರು ‘ಸಹಿ ಹಾಕಿ ಮೇಡಂ, ಉಳಿದದ್ದನ್ನು ನಾನು ತುಂಬುತ್ತೇನೆ’ ಎನ್ನುವ ಅದೇ ಫಾರಂ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಕ್ಯಾನ್ಸರ್ ಇದೆಯೇ ಎಂಬ ಪ್ರಶ್ನೆ ಬಹಳಷ್ಟು ಫಾರಂಗಳಲ್ಲಿದೆ, ಜೀವ ವಿಮೆಯದ್ದರಲ್ಲಂತೂ ಇದ್ದೇ ಇರುತ್ತದೆ. ಅದರ ಕೆಳಗೆ ಇನ್ನೊಂದು ಪ್ರಶ್ನೆ ಇರಬಹುದು: ‘ನಿಮಗೆ ಯಾವುದಾದರೂ ಪರೀಕ್ಷೆಗೆ ಸಲಹೆ ನೀಡಲಾಗಿದೆಯೇ?’ ನಿಮ್ಮ ಮೇಜಿನ ಡ್ರಾಯರಿನಲ್ಲಿರುವ ಚೀಟಿಯೇ ಇದಕ್ಕೆ ಉತ್ತರ. ಆ ಪ್ರಶ್ನೆ ಇದ್ದರೆ ‘ಹೌದು, ಕುಟುಂಬ ಚರಿತ್ರೆಯ ಕಾರಣಕ್ಕೆ ಜೀನ್ ಪರೀಕ್ಷೆಗೆ ಸಲಹೆ ನೀಡಿದ್ದಾರೆ, ಇನ್ನೂ ಮಾಡಿಸಿಲ್ಲ’ ಎಂದೇ ಬರೆಯಬೇಕು. ಕೇಳದ್ದನ್ನು ಹೇಳಬೇಕಿಲ್ಲ, ಕೇಳಿದ್ದನ್ನು ಮುಚ್ಚಿಡಬಾರದು. ಮುಚ್ಚಿಟ್ಟ ಸಂಗತಿ ಹೊರಬಿದ್ದರೆ ಕ್ಲೇಮ್ ಕೈತಪ್ಪುವುದಲ್ಲದೆ ಪಾಲಿಸಿಯೇ ರದ್ದಾಗಬಹುದು. ಕಾನೂನು ಕಂಪನಿಗಳಿಗೂ ಗಡುವು ಹಾಕಿದೆ. 60 ತಿಂಗಳು ಸತತವಾಗಿ ಕಂತು ಕಟ್ಟಿದ ಆರೋಗ್ಯ ಪಾಲಿಸಿಯನ್ನು ‘ಮಾಹಿತಿ ಮುಚ್ಚಿಟ್ಟಿದ್ದೀರಿ’ ಎಂದು ಪ್ರಶ್ನಿಸುವಂತಿಲ್ಲ, ಸಾಬೀತಾದ ವಂಚನೆಯೊಂದನ್ನು ಬಿಟ್ಟು. ಜೀವ ವಿಮೆಯಲ್ಲಿ ಆ ಗಡುವು ಮೂರು ವರ್ಷ. ಇದನ್ನು ನಂಬಿಕೊಂಡು ಸುಳ್ಳು ಬರೆಯುವವರಿದ್ದಾರೆ. ಕ್ಯಾನ್ಸರಿಗೆ ಈ ಕ್ಯಾಲೆಂಡರ್ ಗೊತ್ತಿರುವುದಿಲ್ಲ.

‘ಮೊದಲೇ ಇದ್ದ ಕಾಯಿಲೆ’ ಎಂಬ ಮಾತಿನ ಬಗ್ಗೆ ಬಹಳ ಜನ ಕೇಳುತ್ತಾರೆ. ನಿಯಮದ ಪ್ರಕಾರ ಪಾಲಿಸಿಗೆ ಮುಂಚಿನ 36 ತಿಂಗಳಲ್ಲಿ ವೈದ್ಯರು ಪತ್ತೆಹಚ್ಚಿದ, ಅಥವಾ ಚಿಕಿತ್ಸೆಗೆ ಸಲಹೆ ನೀಡಿದ ಕಾಯಿಲೆ ಮಾತ್ರ ಅದರೊಳಗೆ ಬರುತ್ತದೆ. ಅದಕ್ಕೂ ಗರಿಷ್ಠ 36 ತಿಂಗಳು ಕಾಯಿಸಬಹುದು, ಶಾಶ್ವತವಾಗಿ ಹೊರಗಿಡುವಂತಿಲ್ಲ. ಆರೋಗ್ಯವಾಗಿರುವ ಹೆಂಗಸಿನ ಬಿಆರ್‌ಸಿಎ ದೋಷವನ್ನು ಕಾಯಿಲೆ ಎನ್ನುವುದು ನನ್ನ ಓದಿನಲ್ಲಿ ಆ ವ್ಯಾಖ್ಯೆಗೆ ಹೊಂದುವುದಿಲ್ಲ. ಕಂಪನಿಗಳು ವಾದಿಸಲು ನೋಡುವುದಿಲ್ಲವೆಂದು ಮಾತ್ರ ನಾನು ಹೇಳಲಾರೆ.

ಆದ್ದರಿಂದ ನಾನು ಸೂಚಿಸುವ ಕ್ರಮ ಹೀಗಿದೆ. ಮೊದಲು ಕಂಪನಿಯದ್ದಲ್ಲದೆ ನಿಮ್ಮದೇ ಹೆಸರಿನಲ್ಲಿ ಒಂದು ಆರೋಗ್ಯ ಪಾಲಿಸಿ, ಸಾಧ್ಯವಾದರೆ ಒಂದು ಟರ್ಮ್ ಪಾಲಿಸಿ, ಅಂದರೆ ನಿಗದಿತ ಅವಧಿಯ ಜೀವ ವಿಮೆ. ಕುಟುಂಬ ಚರಿತ್ರೆಯನ್ನು ಪೂರ್ತಿಯಾಗಿ ಬರೆಯಿರಿ. ಪಾಲಿಸಿ ಕೈಗೆ ಬಂದ ಮೇಲೆ ಅಮ್ಮನ ಪರೀಕ್ಷೆ, ಆಮೇಲೆ ನಿಮ್ಮದು. ಅಮ್ಮನ ಪರೀಕ್ಷೆಗೂ ಮೊದಲು ಪಾಲಿಸಿ ಏಕೆಂದರೆ, ಅಮ್ಮನ ಫಲಿತಾಂಶ ನಿಮಗೆ ತಿಳಿದ ಕ್ಷಣದಿಂದ ಅದೂ ನಿಮಗೆ ಗೊತ್ತಿರುವ ಸಂಗತಿಯಾಗುತ್ತದೆ. ಫಾರಂ ಕೇಳಿದರೆ ಹೇಳಬೇಕಾಗುತ್ತದೆ. ಈ ಸಲಹೆಯನ್ನು ಏಜೆಂಟರು ಕಿವಿಯಲ್ಲಿ ಹೇಳುತ್ತಾರೆ, ನಾನು ಬಹಿರಂಗವಾಗಿಯೇ ಹೇಳುತ್ತೇನೆ. ಇದರಲ್ಲಿ ಮೋಸವಿಲ್ಲ: ಎರಡು ಕ್ಯಾನ್ಸರುಗಳ ಚರಿತ್ರೆಯನ್ನು ಓದಿಯೇ ಕಂಪನಿ ನಿಮ್ಮನ್ನು ಒಪ್ಪಿಕೊಂಡಿರುತ್ತದೆ.

ಈ ಕ್ರಮಕ್ಕೂ ಅಪಾಯಗಳಿವೆ. ಪ್ರೀಮಿಯಂ ಏರಬಹುದು. ಕಂಪನಿ ‘ಪರೀಕ್ಷೆ ಮಾಡಿಸಿಕೊಂಡು ಬನ್ನಿ’ ಎಂದು ಅರ್ಜಿಯನ್ನು ಮುಂದೂಡಬಹುದು. ನಿರಾಕರಿಸಿದರೆ ಮುಂದಿನ ಕಂಪನಿಯ ಫಾರಂ ‘ಹಿಂದೆ ಯಾರಾದರೂ ನಿರಾಕರಿಸಿದ್ದಾರೆಯೇ’ ಎಂದು ಕೇಳುತ್ತದೆ. ಹಾಗಾಗಿ ಆನ್‌ಲೈನಿನಲ್ಲಿ ಒಂದೇ ದಿನ ಐದು ಕಡೆ ಅರ್ಜಿ ಹಾಕಬೇಡಿ. ಇನ್ನೊಂದು ಮಾತು. ಈ ತಡ ಒಂದೆರಡು ತಿಂಗಳಿನದಾಗಿರಬೇಕು, ವರ್ಷಗಳದ್ದಲ್ಲ. 31ರ ವಯಸ್ಸಿನಲ್ಲಿ ಅಷ್ಟು ಕಾದರೆ ವೈದ್ಯಕೀಯವಾಗಿ ನಷ್ಟವಿಲ್ಲ, ಏಕೆಂದರೆ ಬಿಆರ್‌ಸಿಎ ಇರುವವರಲ್ಲೂ ಅಂಡಾಶಯ ತೆಗೆಯುವ ಮಾತು ಬರುವುದು ಸಾಮಾನ್ಯವಾಗಿ 35ರ ನಂತರ, ಮಕ್ಕಳ ಯೋಚನೆ ಮುಗಿದ ಮೇಲೆ. ಸ್ತನದ ಎಂಆರ್‌ಐ ತಪಾಸಣೆಯನ್ನು ಮಾತ್ರ ಕುಟುಂಬ ಚರಿತ್ರೆಯ ಆಧಾರದ ಮೇಲೆಯೇ ಶುರುಮಾಡಬಹುದು, ಜೀನ್ ವರದಿಗೆ ಕಾಯಬೇಕಿಲ್ಲ. ಇವತ್ತು ಗಂಟೇನಾದರೂ ಕೈಗೆ ಸಿಕ್ಕಿದರೆ ಈ ವಿಮೆಯ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟು ಆಸ್ಪತ್ರೆಗೆ ಹೋಗಿ.

ಕಚೇರಿಯ ವಿಷಯ. ಜೀನಿನ ಕಾರಣಕ್ಕೆ ನೌಕರರನ್ನು ತಾರತಮ್ಯದಿಂದ ಕಾಣಬಾರದು ಎಂದು ನೇರವಾಗಿ ಹೇಳುವ ಕಾನೂನು ನಮ್ಮಲ್ಲಿಲ್ಲ. ಎಚ್‌ಐವಿ ಇದ್ದವರಿಗೆ 2017ರ ಕಾಯ್ದೆ ಅಂಥ ರಕ್ಷಣೆ ಕೊಟ್ಟಿದೆ. ಕುಡಗೋಲು ಕಣ ರಕ್ತಹೀನತೆ, ಥಲಸ್ಸೀಮಿಯ, ಹಿಮೋಫಿಲಿಯ ಇದ್ದವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗೆ ಬರುತ್ತಾರೆ. ಮುಂದೆ ಕಾಯಿಲೆ ಬರಬಹುದಾದ, ಈಗ ಆರೋಗ್ಯವಾಗಿರುವ ನಿಮ್ಮಂಥವರು ಯಾವುದರೊಳಗೂ ಬರುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣಕ್ಕೆ ಅರ್ಜಿದಾರರಾಗಿದ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಆ ಹಕ್ಕನ್ನು ಮುಖ್ಯವಾಗಿ ಸರ್ಕಾರದ ಎದುರು ಚಲಾಯಿಸಬಹುದು, ಖಾಸಗಿ ಕಂಪನಿಯ ಎದುರು ಅಷ್ಟು ಸಲೀಸಲ್ಲ. 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಆರೋಗ್ಯ ಅಥವಾ ಜೀನ್ ಮಾಹಿತಿಗೆ ಪ್ರತ್ಯೇಕ ಸೂಕ್ಷ್ಮ ದರ್ಜೆಯೇ ಇಲ್ಲ. 2019ರ ಕರಡಿನಲ್ಲಿ ಇತ್ತು, ಕೈಬಿಡಲಾಯಿತು. ಸಾಲದ್ದಕ್ಕೆ ‘ಉದ್ಯೋಗದ ಉದ್ದೇಶಗಳಿಗಾಗಿ’ ಒಪ್ಪಿಗೆಯಿಲ್ಲದೆಯೇ ಮಾಹಿತಿ ಬಳಸಲು ಕಾಯ್ದೆ ಉದ್ಯೋಗದಾತರಿಗೆ ದಾರಿ ಬಿಟ್ಟಿದೆ. ನನ್ನ ಮಟ್ಟಿಗೆ ಇದು ದೊಡ್ಡ ಲೋಪ.

ಹಾಗಿದ್ದರೂ ನಿಮ್ಮ ಎಚ್‌ಆರ್ ಯಾರ ಜೀನನ್ನೂ ಹುಡುಕಿಕೊಂಡು ಹೋಗುವುದಿಲ್ಲ. ನಾನು ಕಂಡಂತೆ ಮಾಹಿತಿ ಸೋರುವುದು ನಾವೇ ಕೊಟ್ಟ ಕಾಗದಗಳಿಂದ. ಗುಂಪು ವಿಮೆಯಲ್ಲಿ ಕ್ಲೇಮ್‌ಗಳನ್ನು ನೋಡಿಕೊಳ್ಳುವ ಟಿಪಿಎ ಅಥವಾ ದಲ್ಲಾಳಿ ಸಂಸ್ಥೆ ಉದ್ಯೋಗದಾತರಿಗೆ ಆಗಾಗ ಪಟ್ಟಿ ಕಳಿಸುತ್ತದೆ, ನವೀಕರಣದ ಸಮಯದಲ್ಲಿ ಪ್ರೀಮಿಯಂ ಚೌಕಾಸಿಗೆ ಅದು ಬೇಕು. ಕೆಲವು ಕಡೆ ಆ ಎಕ್ಸೆಲ್ ಹಾಳೆಯಲ್ಲಿ ನೌಕರರ ಸಂಖ್ಯೆಯ ಪಕ್ಕದಲ್ಲೇ ಕಾಯಿಲೆಯ ಹೆಸರೂ ಇರುತ್ತದೆ. ಆದ್ದರಿಂದ ಪರೀಕ್ಷೆಯ ಬಿಲ್ಲನ್ನು ಕಂಪನಿಯ ಹೊರರೋಗಿ ಭತ್ಯೆಗೋ ವೆಲ್‌ನೆಸ್ ಯೋಜನೆಗೋ ಹಾಕಬೇಡಿ. ಆಸ್ಪತ್ರೆ ವಿಮೆ ಹೇಗೂ ಬರಿಯ ಪರೀಕ್ಷೆಗೆ ಹಣ ಕೊಡುವುದಿಲ್ಲ. ಕೈಯಿಂದ ಕಟ್ಟಿ, ವರದಿಯನ್ನು ಸ್ವಂತ ಇಮೇಲಿಗೆ ತರಿಸಿಕೊಳ್ಳಿ, ಕಚೇರಿಯ ಲ್ಯಾಪ್‌ಟಾಪಿನಲ್ಲಿ ತೆರೆಯಬೇಡಿ. ರಜೆಗೆ ಕೊಡುವ ವೈದ್ಯರ ಪತ್ರದಲ್ಲಿ ದಿನಾಂಕ ಮತ್ತು ‘ವೈದ್ಯಕೀಯ ಕಾರಣ’ ಎಂದಿದ್ದರೆ ಸಾಕು. ಹಾಗೆ ಬರೆದುಕೊಡಿ ಎಂದು ಕೇಳಿದರೆ ವೈದ್ಯರು ಬರೆದುಕೊಡುತ್ತಾರೆ, ಕೇಳುವವರೇ ಕಡಿಮೆ.

ಅಮೆರಿಕದ ಕಾನೂನು ಬಿಗಿ ಎಂಬುದು ನಿಜ, ಆದರೆ ಅರ್ಧ ನಿಜ. ಅಲ್ಲಿಯ ಅನುಭವ ಕಹಿಯಾಗಿಯೇ ಶುರುವಾಯಿತು. ಕುಡಗೋಲು ಕಣದ ಜೀನ್ ಒಂದೇ ಪ್ರತಿ ಇದ್ದ, ಆರೋಗ್ಯವಾಗಿದ್ದ ಕಪ್ಪು ಯುವಕರನ್ನು ವಾಯುಪಡೆಯ ಅಕಾಡೆಮಿ 1981ರವರೆಗೂ ಸೇರಿಸಿಕೊಳ್ಳುತ್ತಿರಲಿಲ್ಲ. ಬರ್ಲಿಂಗ್ಟನ್ ನಾರ್ದರ್ನ್ ರೈಲ್ವೆ ಕಂಪನಿ ಮಣಿಕಟ್ಟು ನೋವೆಂದ ಕಾರ್ಮಿಕರ ರಕ್ತವನ್ನು ಅವರಿಗೆ ತಿಳಿಸದೆ ಜೀನ್ ಪರೀಕ್ಷೆಗೆ ಕಳಿಸಿ ಸಿಕ್ಕಿಬಿದ್ದಿತು, 2002ರಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಇಂಥ ಹಿನ್ನೆಲೆಯಲ್ಲಿ 2008ರ ಮೇ ತಿಂಗಳಲ್ಲಿ ‘ಗೀನಾ’ ಕಾಯ್ದೆ ಬಂತು. ಆರೋಗ್ಯ ವಿಮಾ ಕಂಪನಿ ಜೀನ್ ಮಾಹಿತಿಯನ್ನು ನೋಡಿ ಪ್ರೀಮಿಯಂ ನಿಗದಿ ಮಾಡುವಂತಿಲ್ಲ, ಉದ್ಯೋಗದಾತರು ಅದನ್ನು ಕೇಳುವಂತಿಲ್ಲ. ಕುಟುಂಬದ ಕಾಯಿಲೆಗಳ ಚರಿತ್ರೆಯೂ ಅಲ್ಲಿ ಜೀನ್ ಮಾಹಿತಿಯೇ. ಆದರೆ 15ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಅದರ ಉದ್ಯೋಗದ ಭಾಗ ಅನ್ವಯಿಸುವುದಿಲ್ಲ. ಜೀವ ವಿಮೆ, ಅಂಗವೈಕಲ್ಯ ವಿಮೆ, ವೃದ್ಧಾಪ್ಯದ ದೀರ್ಘಾವಧಿ ಆರೈಕೆಯ ವಿಮೆ ಮೂರೂ ಅದರ ಹೊರಗೆ. ಫ್ಲೋರಿಡಾದಂಥ ರಾಜ್ಯಗಳು ತಮ್ಮ ಮಟ್ಟಿಗೆ ಈ ಕಂಡಿಯನ್ನು ಮುಚ್ಚಿವೆ. ಹೋಗುವುದು ಖಚಿತವಾದರೆ ಅಲ್ಲಿ ಮಾಡಿಸುವುದರಲ್ಲಿ ಲಾಭವೂ ಇದೆ: ನಿಮ್ಮಂಥ ಕುಟುಂಬ ಚರಿತ್ರೆ ಇರುವವರಿಗೆ ಬಿಆರ್‌ಸಿಎ ಸಮಾಲೋಚನೆ ಮತ್ತು ಪರೀಕ್ಷೆಯನ್ನು ಅಲ್ಲಿಯ ಹೆಚ್ಚಿನ ಆರೋಗ್ಯ ವಿಮೆಗಳು ಉಚಿತವಾಗಿ ಕೊಡಬೇಕು. ಅಲ್ಲಿಯೂ ಟರ್ಮ್ ಪಾಲಿಸಿ ಮೊದಲು, ಪರೀಕ್ಷೆ ನಂತರ. ಆದರೆ ಖಚಿತವಿಲ್ಲದ ವರ್ಗಾವಣೆಗಾಗಿ ಕಾಯುತ್ತ ಕೂರಬೇಡಿ. ಐಟಿ ಕಂಪನಿಯ ‘ಮುಂದಿನ ವರ್ಷ’ ಎಷ್ಟು ವರ್ಷ ಮುಂದಿರುತ್ತದೆ ಎಂದು ನಿಮಗೇ ಚೆನ್ನಾಗಿ ಗೊತ್ತು.

ಬೇರೆ ಹೆಸರಿನಲ್ಲಿ ಪರೀಕ್ಷೆ ಮಾಡಿಸುವುದು ಬೇಡವೇ ಬೇಡ. ನಾಳೆ ಶಸ್ತ್ರಚಿಕಿತ್ಸೆಯ ತೀರ್ಮಾನಕ್ಕೆ ಆ ಕಾಗದ ಯಾವ ಸರ್ಜನ್‌ಗೂ ಆಗುವುದಿಲ್ಲ, ಮತ್ತೆ ಮಾಡಿಸಬೇಕಾಗುತ್ತದೆ. ವಿಮೆಯವರ ಕೈಗೆ ಸಿಕ್ಕಿದರೆ ಅದೇ ವಂಚನೆಯ ಸಾಕ್ಷಿ. ಅದರ ಬದಲು ಪ್ರಯೋಗಾಲಯದ ಒಪ್ಪಿಗೆ ಪತ್ರವನ್ನು ಸಹಿಗೆ ಮುಂಚೆ ಓದಿ. ಮಾದರಿಯನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ಸಂಶೋಧನೆಗೆ ಅಥವಾ ಔಷಧ ಕಂಪನಿಗಳಿಗೆ ಕೊಡುತ್ತಾರೆಯೇ ಎಂಬ ಸಾಲುಗಳ ಮುಂದೆ ಸಾಮಾನ್ಯವಾಗಿ ಬೇರೆ ಬೇರೆ ಚೌಕಗಳಿರುತ್ತವೆ, ಬೇಡದ್ದಕ್ಕೆ ಟಿಕ್ ಹಾಕಬೇಡಿ. ವಂಶದ ಮೂಲ ಹೇಳುತ್ತೇವೆ ಎಂದು ಎಂಜಲಿನ ಕಿಟ್ ಮಾರುವವರಿಂದ ದೂರವಿರಿ. ಅಂಥ ದೊಡ್ಡ ಕಂಪನಿ 23ಆಂಡ್‌ಮಿಯಿಂದ 2023ರಲ್ಲಿ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಸೋರಿತು, 2025ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ತಂಗಿಯ ಮದುವೆಯ ವಿಷಯ ಕೊನೆಗೆ ಬರೆದಿದ್ದೀರಿ. ಅದೇ ದೊಡ್ಡ ಚಿಂತೆ ಎಂದು ನನಗನ್ನಿಸುತ್ತದೆ, ಏಕೆಂದರೆ ನನ್ನ ಬಳಿಗೆ ಬರುವವರಲ್ಲಿ ಕಂಪನಿಗಿಂತ ಬೀಗರಿಗೆ ಹೆದರುವವರೇ ಹೆಚ್ಚು. ಈ ಭಯಕ್ಕೆ ಯಾವ ಕಾಯ್ದೆಯೂ ಮದ್ದಲ್ಲ. ಅಮ್ಮನ ಕಾಯಿಲೆ, ದೊಡ್ಡಮ್ಮನ ಸಾವು ನೆಂಟರಿಗೆಲ್ಲ ಗೊತ್ತಿರುವ ಸಂಗತಿ, ಜೀನ್ ವರದಿ ಅದಕ್ಕೆ ಹೆಚ್ಚೇನೂ ಸೇರಿಸುವುದಿಲ್ಲ. ನಿಮ್ಮ ಫಲಿತಾಂಶ ತಂಗಿಯ ಫಲಿತಾಂಶವೂ ಅಲ್ಲ, ಅವಳಿಗೆ ಅವಳದೇ ಅರ್ಧಕ್ಕರ್ಧ. ಅವಳು ಯಾವಾಗ ತಿಳಿದುಕೊಳ್ಳಬೇಕು, ಯಾರಿಗೆ ಹೇಳಬೇಕು ಎಂಬುದನ್ನು ಅವಳೇ ತೀರ್ಮಾನಿಸಲಿ. ನಿಮ್ಮ ವರದಿ ಬಂದ ಮೇಲೆ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ತಂಗಿಗೆ ಎದುರು ಕೂತು ಹೇಳಿ. ಅಮ್ಮನ ಅಣ್ಣತಮ್ಮಂದಿರನ್ನೂ ಮರೆಯಬೇಡಿ. ಗಂಡಸರಿಗೂ ಈ ದೋಷ ಬರುತ್ತದೆ, ಅವರಿಂದ ಹೆಣ್ಣುಮಕ್ಕಳಿಗೂ ದಾಟುತ್ತದೆ.

ಮುಂದೆ ಯಾವಾಗಲಾದರೂ ಜೀನಿನ ನೆಪ ಹೇಳಿ ಕ್ಲೇಮ್ ನಿರಾಕರಿಸಿದರೆ ಫೋನಿನಲ್ಲಿ ವಾದಿಸಬೇಡಿ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ನಿರಾಕರಿಸಿದ್ದೀರಿ ಎಂದು ಲಿಖಿತವಾಗಿ ಕೇಳಿ. 2024ರ ನಿಯಮಗಳ ಪ್ರಕಾರ ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಉತ್ತರ ಸಮಾಧಾನ ಕೊಡದಿದ್ದರೆ ಐಆರ್‌ಡಿಎಐಗೆ ದೂರು ಕೊಡುವ ‘ಬಿಮಾ ಭರೋಸಾ’ ಪೋರ್ಟಲ್, ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನೀವು ಗೆಲ್ಲಲು ಕಷ್ಟಪಡಬೇಕಾದ ಜಾಗ ಒಂದಿದೆ: ಕ್ಯಾನ್ಸರ್ ಬರುವ ಮುನ್ನವೇ ಮುನ್ನೆಚ್ಚರಿಕೆಯಾಗಿ ಅಂಡಾಶಯ ಅಥವಾ ಸ್ತನ ತೆಗೆಸುವ ಶಸ್ತ್ರಚಿಕಿತ್ಸೆ. ‘ಕಾಯಿಲೆಯೇ ಇಲ್ಲವಲ್ಲ’ ಎಂದು ಕಂಪನಿಗಳು ಹಣ ಕೊಡಲು ಹಿಂದೇಟು ಹಾಕುತ್ತವೆ. ಪಾಲಿಸಿ ಕೊಳ್ಳುವ ಮೊದಲೇ ಇದರ ಬಗ್ಗೆ ಇಮೇಲಿನಲ್ಲಿ ಸಾಮಾನ್ಯ ಪ್ರಶ್ನೆಯಾಗಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ.

ಪಾಲಿಸಿ ಕೈಗೆ ಬಂದ ಮೇಲೆ ಜೀನ್ ಸಮಾಲೋಚಕರ ಸಮಯ ತೆಗೆದುಕೊಂಡು ಅಮ್ಮನನ್ನೂ ಕರೆದುಕೊಂಡು ಹೋಗಿ. ಅಮ್ಮನ ಬಯಾಪ್ಸಿ ವರದಿ ಮತ್ತು ದೊಡ್ಡಮ್ಮನ ಡಿಸ್ಚಾರ್ಜ್ ಸಾರಾಂಶ ಸಿಕ್ಕಿದರೆ ಜೊತೆಗಿರಲಿ. ಬಯಾಪ್ಸಿ ವರದಿಯಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರೋನ್, ಹರ್2 ಮೂರೂ ನೆಗೆಟಿವ್ ಎಂದಿದ್ದರೆ ಅದನ್ನು ಮೊದಲೇ ತೋರಿಸಿ. ಅಂಥ ಗಡ್ಡೆಗಳಲ್ಲಿ ಬಿಆರ್‌ಸಿಎ1 ದೋಷ ಹೆಚ್ಚಾಗಿ ಸಿಗುವುದರಿಂದ ಯಾವ ಪರೀಕ್ಷೆ ಬರೆಯಬೇಕೆಂಬುದು ಬದಲಾಗಬಹುದು.